ಬೋರ್ ನೀರಿಗೆ ಬಂದ ಮೇಲೆ ಕೊಂಬುಚಾ ಹುಳಿಯೇ ಬರುತ್ತಿಲ್ಲ, ಯಾವ ಫಿಲ್ಟರ್ ಹಾಕಿಸಲಿ? (ಕಲಬುರಗಿ)

ಸೇಡಂರೋಡ್_ಅಕ್ಕ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯಲ್ಲೇ ಕೊಂಬುಚಾ ಹಾಕುತ್ತಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಸಕ್ಕರೆ ಹಾಕಿದ ಕರಿ ಚಹಾವನ್ನು ಹುದುಗಿಸಿ ಮಾಡುವ ಹುಳಿ ಪಾನೀಯ ಇದು. ಮೇಲೆ ಸೆಟ್ ದೋಸೆಯಷ್ಟು ದಪ್ಪ ಪದರ ಕಟ್ಟುತ್ತದೆ, ಅದಕ್ಕೆ ಸ್ಕೋಬಿ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಕೆನೆ ಅಂತಲೇ ಕರೆಯುತ್ತೇವೆ. 3 ಲೀಟರಿನ ಗಾಜಿನ ಭರಣಿ, 24 ಗ್ರಾಂ ಚಹಾಪುಡಿ, 200 ಗ್ರಾಂ ಸಕ್ಕರೆ, ಹಿಂದಿನ ಸಲದ ಹುಳಿ ನೀರು 300 ಮಿಲಿ. ಎರಡು ವರ್ಷ ಒಂದು ಸಲವೂ ಕೆಟ್ಟಿರಲಿಲ್ಲ.

ದೀಪಾವಳಿ ಆದ ಮೇಲೆ ಮನೆ ಬದಲಾಯಿಸಿದೆವು. ಹಳೆ ಮನೆಯಲ್ಲಿ ನಳದ ನೀರು ಬರುತ್ತಿತ್ತು. ಇಲ್ಲಿ ಬೋರ್ ಇದೆ, ನಳವೂ ಇದೆ ಅಂತ ಮಾಲೀಕರು ಹೇಳಿದ್ದರು. ಬಂದಾಗಿನಿಂದ ತೊಂದರೆ ಶುರು. ಮೊದಲೆಲ್ಲ ನಾಲ್ಕನೇ ದಿನಕ್ಕೆ ಪಟ್ಟಿಯಲ್ಲಿ ಪಿಎಚ್ 3.4 ತೋರಿಸುತ್ತಿತ್ತು (ಅಂಕಿ ಕಡಿಮೆ ಆದಷ್ಟೂ ಹುಳಿ ಜಾಸ್ತಿ). ಈಗ ನಾಲ್ಕನೇ ದಿನಕ್ಕೆ 4.6. ಏಳನೇ ದಿನಕ್ಕೂ ಬಾಯಲ್ಲಿ ಬರೀ ಸಕ್ಕರೆ ಚಹಾ. ಒಂದು ಭರಣಿಯಲ್ಲಿ ಕೆನೆಯ ಮೇಲೆ ಹಸಿರು ಬೂಷ್ಟು ಬಂದು ಎಲ್ಲ ಚೆಲ್ಲಬೇಕಾಯಿತು, ಆ ದಿನ ಊಟ ಸೇರಲಿಲ್ಲ.

ಬರೀ ಚಹಾ ಮಾಡಿದರೂ ಅಷ್ಟೇ. ಲೋಟಕ್ಕೆ ಹಾಕಿ ಎರಡು ನಿಮಿಷ ಬಿಟ್ಟರೆ ಮೇಲೆ ಕಂದು ಪೊರೆ ಕಟ್ಟುತ್ತದೆ. ಚಮಚ ಆಡಿಸಿದರೆ ಅದು ಒಡೆದು ಚೂರು ಚೂರಾಗಿ ಲೋಟದ ಅಂಚಿಗೆ ಅಂಟಿಕೊಳ್ಳುತ್ತದೆ. ತೊಗರಿ ಬೇಳೆಗೆ ಮೊದಲು ನಾಲ್ಕು ಸೀಟಿ ಸಾಕಿತ್ತು, ಈಗ ಏಳಾದರೂ ಕಾಳು ಕಾಳೇ.

ಅಂಗಡಿಯವರೊಬ್ಬರನ್ನು ಕೇಳಿದೆ. ಆರ್‌ಒ (ಪೊರೆಯಲ್ಲಿ ನೀರನ್ನು ಒತ್ತಿ ಲವಣ ತೆಗೆಯುವುದು), ಯುವಿ (ಬೆಳಕಿನಿಂದ ರೋಗಾಣು ಕೊಲ್ಲುವುದು), ಯುಎಫ್ (ಸೋಸುವ ಇನ್ನೊಂದು ಪೊರೆ), ತಾಮ್ರ, ಅಲ್ಕಲೈನ್ ಎಲ್ಲ ಇರುವ ಒಂದು ದೊಡ್ಡ ಮೆಷಿನ್ ತೋರಿಸಿ ಇದೇ ಬೇಕು ಅಂದರು. ದುಡ್ಡು ಹೊಂದಿಸಬಹುದು. ಆದರೆ ನನಗೆ ಬೇಕಾದದ್ದು ಅದೇನಾ? ತಿಳಿದವರು ಹೇಳಿ.

ಎಂಎಸ್‌ಕೆಮಿಲ್_ರಾಜಾ

ಅಕ್ಕಾ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೋರ್ ಅಂದಮೇಲೆ ಆರ್‌ಒ ಬೇಕೇ ಬೇಕು. ನಮ್ಮ ಮನೆಯಲ್ಲಿ ಆರು ವರ್ಷದಿಂದ ಇದೆ. ನೀರು ಸಿಹಿ, ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಹಾಕಿಸಿ, ಮುಗೀತು.

ನೀರಿನ_ಕಾಕಾ

ತಂಗಿ, ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ನೀರು ಪರೀಕ್ಷೆ ಮಾಡಿಸು. ನಾನು ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ಸಾವಿರಾರು ಬಾಟಲಿ ನೋಡಿದ್ದೇನೆ. ಒಂದೇ ಓಣಿಯಲ್ಲಿ ಎರಡು ಬೋರ್, ಒಂದರ ನೀರಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ರಾಜಾ ಅವರ ಮನೆಗೆ ಆರ್‌ಒ ಸರಿ ಇರಬಹುದು. ನಿನ್ನ ಮನೆಗೂ ಅದೇ ಸರಿ ಅಂತ ಇಲ್ಲಿ ಕೂತು ಯಾರೂ ಹೇಳಲು ಆಗುವುದಿಲ್ಲ.

ನಮ್ಮ ಭಾಗದ ನೆಲ ಹೇಗಿದೆ ನೋಡು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಅಡಿಯಲ್ಲಿ ಸುಣ್ಣದ ಕಲ್ಲು. ಮನೆ ಮನೆಗೆ ಹಾಸುವ ಫರ್ಶಿ ಅದೇ ಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಲ್ಲೇ ಬಂದಿದ್ದೂ ಅದೇ ಕಲ್ಲಿಗಾಗಿ. ಆಳಂದ, ಅಫಜಲಪುರ ಕಡೆ ಕಪ್ಪು ಬಸಾಲ್ಟ್ ಕಲ್ಲು. ಮಳೆ ನೀರು ಇಂಥ ಕಲ್ಲಿನ ಬಿರುಕಿನಲ್ಲಿ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಶಿಯಂ, ಬೈಕಾರ್ಬನೇಟ್ ಎಲ್ಲ ಕರಗಿಸಿಕೊಂಡು ಬೋರಿಗೆ ಬರುತ್ತದೆ. ನಗರದ ನಳದ ನೀರು ಭೀಮಾ ನದಿಯದು, ಬೆಣ್ಣೆತೊರಾದ್ದು. ಅದು ಶುದ್ಧೀಕರಣ ಆಗಿ, ಕ್ಲೋರಿನ್ ಹಾಕಿಸಿಕೊಂಡು ಬರುತ್ತದೆ. ಎರಡೂ ಬೇರೆ ಬೇರೆ ನೀರು, ಎರಡಕ್ಕೂ ಬೇರೆ ಬೇರೆ ಮದ್ದು.

ಮೂರು ಮಾತು ಬೇರೆ ಬೇರೆ ಮಾಡಿ ತಿಳಿದುಕೊ. ಟಿಡಿಎಸ್ ಅಂದರೆ ಕರಗಿದ ಲವಣ ಒಟ್ಟು ಎಷ್ಟು ಅಂತ. ಗಡಸು ಅಂದರೆ ಕ್ಯಾಲ್ಸಿಯಂ, ಮೆಗ್ನೀಶಿಯಂ ಎಷ್ಟು ಅಂತ. ಬೇಳೆ ಬೇಯದಿರುವುದು ಇದರಿಂದ: ಕಾಳಿನ ಸಿಪ್ಪೆಯಲ್ಲಿ, ಗೋಡೆಗಳಲ್ಲಿ ಪೆಕ್ಟಿನ್ ಅಂತ ಅಂಟು ಇರುತ್ತದೆ, ಕ್ಯಾಲ್ಸಿಯಂ ಅದನ್ನು ಬಿಗಿ ಮಾಡುತ್ತದೆ, ಬಿಸಿಗೂ ಬಿಚ್ಚಿಕೊಳ್ಳುವುದಿಲ್ಲ. ಮೂರನೆಯದು ಕ್ಷಾರತೆ, ನಿನ್ನ ಕೊಂಬುಚಾಗೆ ಮುಖ್ಯವಾದದ್ದು ಇದೇ. ಬೈಕಾರ್ಬನೇಟ್ ಜಾಸ್ತಿ ಇದ್ದರೆ ಹುಳಿಯನ್ನು ನುಂಗಿ ಹಾಕುತ್ತದೆ. ಮಜ್ಜಿಗೆಗೆ ಅಡುಗೆ ಸೋಡಾ ಹಾಕಿದರೆ ಬುಸುಗುಟ್ಟಿ ಹುಳಿ ಸಾಯುತ್ತದಲ್ಲ, ಅದೇ ಕೆಲಸ. ನಿನ್ನ ಕೆನೆ ದಿನವೂ ಹುಳಿ ಮಾಡುತ್ತಿದೆ, ನೀರು ದಿನವೂ ಅದನ್ನು ತಿನ್ನುತ್ತಿದೆ. ಪಿಎಚ್ ಬೇಗ ಇಳಿಯದಿದ್ದರೆ ಬೂಷ್ಟಿಗೆ ಹಾದಿ ತೆರೆದ ಹಾಗೆ. ಚಹಾದ ಪೊರೆಯೂ ಇದರಿಂದಲೇ, ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಎರಡೂ ಇದ್ದಾಗ ಚಹಾದ ಒಗರು ಗಾಳಿಗೆ ಸೇರಿ ಮೇಲೆ ಕೆನೆಗಟ್ಟುತ್ತದೆ. ನಿಂಬೆಹಣ್ಣು ನಾಲ್ಕು ಹನಿ ಹಿಂಡಿ ನೋಡು, ಪೊರೆ ಕಟ್ಟುವುದಿಲ್ಲ.

ಪೆನ್ನಿನಂಥ ಟಿಡಿಎಸ್ ಮೀಟರ್ ಎರಡು ಮೂರು ನೂರಕ್ಕೆ ಸಿಗುತ್ತದೆ, ತೆಗೆದುಕೋ. ಆದರೆ ಅದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಮಾತ್ರ ಅಳೆಯುತ್ತದೆ. ಲವಣ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪ್ರಯೋಗಾಲಯದಲ್ಲಿ ಗಡಸು, ಕ್ಷಾರತೆ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್ ಐದನ್ನೂ ಕೇಳಿ ಮಾಡಿಸು. ನೀರು ತರುವ ರೀತಿ ಹೀಗೆ: ಮೋಟರ್ ಹತ್ತು ನಿಮಿಷ ಓಡಲಿ, ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆ, ಸೋಪು ಮುಟ್ಟಿಸಬೇಡ, ಬಾಯಿವರೆಗೆ ತುಂಬಿ ಮುಚ್ಚು, ಅದೇ ದಿನ ಕೊಡು.

ಬೀದರ್_ಪಾನಾ

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬೀದರಿನಲ್ಲಿ ಆರ್‌ಒ ರಿಪೇರಿ ಮಾಡುವವನು, ಇದೇ ನನ್ನ ಅನ್ನ. ಆದರೂ ಹೇಳುತ್ತೇನೆ, ನಾನು ಹೋಗುವ ಮನೆಗಳಲ್ಲಿ ಎಷ್ಟೋ ಮನೆಗೆ ಆರ್‌ಒ ಬೇಕಾಗಿರಲಿಲ್ಲ. ನಮ್ಮ ಬೀದರ್ ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತ ಊರು. ಬಹಮನಿ ಕಾಲದಲ್ಲಿ ಅದೇ ಕಲ್ಲನ್ನು ಕೊರೆದು ಕರೇಜ್ ಅಂತ ಸುರಂಗ ಮಾಡಿ ನೌಬಾದ್ ಕಡೆಯಿಂದ ನೀರು ತಂದವರು ನಮ್ಮವರು. ಮೇಲಿನ ಆ ಕೆಂಪು ಕಲ್ಲಿನ ತೆರೆದ ಬಾವಿಗೆ ಮೀಟರ್ ಇಟ್ಟರೆ ಎಷ್ಟೋ ಕಡೆ 200ರ ಒಳಗೇ ಬರುತ್ತದೆ. ಅಂಥ ನೀರಿಗೂ ಆರ್‌ಒ ಹಾಕಿ, ಒಂದು ಲೀಟರಿಗೆ ಮೂರು ಲೀಟರ್ ಚರಂಡಿಗೆ ಬಿಡುತ್ತಾರೆ. ನೋಡಿ ಹೊಟ್ಟೆ ಉರಿಯುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ.

ಅಕ್ಕಾವ್ರೇ, ನನ್ನದು ಒಂದೇ ಪ್ರಶ್ನೆ. ನಿಮ್ಮ ಮನೆಗೆ ನಳವೂ ಇದೆ ಬೋರೂ ಇದೆ ಅಂದಿರಿ. ಎರಡೂ ಎಲ್ಲಿ ಕೂಡುತ್ತವೆ? ಸಂಪಿನ ಮುಚ್ಚಳ ತೆಗೆದು ನೋಡಿ, ಒಳಗೆ ಎಷ್ಟು ಪೈಪ್ ಬೀಳುತ್ತವೆ ಹೇಳಿ.

ಇನ್ನೊಂದು. ಆ ಅಲ್ಕಲೈನ್ ಕಾರ್ಟ್ರಿಜ್ ಇರುವ ಮೆಷಿನ್ ನಿಮಗೆ ಬೇಡವೇ ಬೇಡ. ಆರ್‌ಒ ತೆಗೆದ ಕ್ಷಾರವನ್ನು ಅದು ಮತ್ತೆ ನೀರಿಗೆ ಸೇರಿಸುತ್ತದೆ. ನಿಮ್ಮ ಕೆಲಸಕ್ಕೆ ಬೇಕಾದದ್ದು ಅದಕ್ಕೆ ಉಲ್ಟಾ.

ಯಾದಗಿರಿ_ಟೀಚರ್

ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಮಾತು ಸೇರಿಸಬೇಕು ಅನ್ನಿಸಿತು, ಯಾಕಂದರೆ ಇದನ್ನು ಓದಿ ಬೇರೆಯವರೂ ಫಿಲ್ಟರ್ ಆರಿಸುತ್ತಾರೆ.

ನಮ್ಮ ಯಾದಗಿರಿ ಕಡೆ ಕಣಶಿಲೆ, ಅಂದರೆ ಗ್ರಾನೈಟ್ ನೆಲ ಜಾಸ್ತಿ. ಅಂಥ ಕಡೆ ಬೋರಿನಲ್ಲಿ ಫ್ಲೋರೈಡ್ ಬರುತ್ತದೆ. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ತರಗತಿಯಲ್ಲಿ ಮಕ್ಕಳು ನಕ್ಕಾಗ ನನಗೆ ಕಾಣುವುದು ಅದೇ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಇವು ಎರಡಕ್ಕೂ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಟಿಡಿಎಸ್ ಮೀಟರಿಗೂ ಸಿಗುವುದಿಲ್ಲ.

ತುಂಬಾ ಜನ ಕುದಿಸಿದರೆ ಎಲ್ಲ ಹೋಗುತ್ತದೆ ಅಂದುಕೊಂಡಿದ್ದಾರೆ. ರೋಗಾಣು ಸಾಯುತ್ತದೆ, ನಿಜ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನೂ ಗಟ್ಟಿಯಾಗುತ್ತವೆ. ಬರೀ ಇದ್ದಿಲಿನ ಫಿಲ್ಟರ್ ಕೂಡ ಫ್ಲೋರೈಡ್, ನೈಟ್ರೇಟ್ ತೆಗೆಯುವುದಿಲ್ಲ. ಫ್ಲೋರೈಡ್ ಇದ್ದರೆ ಆರ್‌ಒ, ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ಬೇಕು. ಆದ್ದರಿಂದ ದಯವಿಟ್ಟು ಪರೀಕ್ಷೆ ಬಿಡಬೇಡಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಜಲ ಜೀವನ ಮಿಷನ್‌ನಲ್ಲಿ ಕೊಟ್ಟ ಪರೀಕ್ಷೆ ಕಿಟ್ ಇರುತ್ತದೆ.

ಸೇಡಂರೋಡ್_ಅಕ್ಕ

ಪಾನಾ ಅಣ್ಣಾ, ಮುಚ್ಚಳ ತೆಗೆಸಿ ನೋಡಿದೆ. ಎರಡು ಪೈಪ್ ಬೀಳುತ್ತವೆ. ಒಂದು ನಳದ್ದು, ಅರ್ಧ ಇಂಚು. ಇನ್ನೊಂದು ಬೋರಿನದು, ಅದು ದಪ್ಪ. ನಳ ಬರುವುದು ಮೂರು ನಾಲ್ಕು ದಿನಕ್ಕೊಮ್ಮೆ, ಬೋರ್ ದಿನಾ ಬೆಳಿಗ್ಗೆ ಹಾಕುತ್ತಾರೆ. ಅಂದರೆ ನಾವು ಕುಡಿಯುತ್ತಿದ್ದ ನೀರು ಮುಕ್ಕಾಲು ಪಾಲು ಬೋರಿನದೇ. ಇಷ್ಟು ದಿನ ನಾನು ಇದನ್ನು ನೋಡಿಯೇ ಇರಲಿಲ್ಲ.

ನಾಳೆ ನಳ ಬರುವ ದಿನ. ನಳದ್ದು ಒಂದು ಬಾಟಲಿ, ಬೋರಿನದು ಒಂದು ಬಾಟಲಿ ಹಿಡಿದು ಪರೀಕ್ಷೆಗೆ ಕೊಡುತ್ತೇನೆ ಕಾಕಾ.

ಬೀದರ್_ಪಾನಾ

ಅಲ್ಲೇ ಇದೆ ನೋಡಿ ಗಂಟು. ಫಿಲ್ಟರ್ ಆಮೇಲೆ.

ಆಳಂದದ_ಹುಡುಗ

ನಮಸ್ಕಾರ, ನಾನು ಆಳಂದ ಕಡೆಯವನು, ಈಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ಕುದಿಸುವ ಕೆಲಸ. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ನಮ್ಮ ರಾಜ್ಯದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಅವಕಾಶ ಇಲ್ಲ, ಅದಕ್ಕೆ ಆ ಮಾತು ಇಲ್ಲಿ ಬೇಡ. ಆದರೆ ನೀರಿನ ಪಾಠ ಕೊಂಬುಚಾಗೂ ಕಾಫಿಗೂ ಒಂದೇ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಸುಬಿನಲ್ಲಿ ನೀರು ನೋಡಿಯೇ ಬಿಯರ್ ಹುಟ್ಟಿದ್ದು. ಚೆಕ್ ದೇಶದ ಪಿಲ್ಸೆನ್ ಊರಿನ ನೀರು ಭಾಳ ಮೆದು, ಅದಕ್ಕೆ ಅಲ್ಲಿ ತಿಳಿ ಬಣ್ಣದ ಹಗುರ ಬಿಯರ್ ಬಂತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಂ ತುಂಬಾ, ಅಲ್ಲಿ ಕಹಿ ಎದ್ದು ಕಾಣುವ ಪೇಲ್ ಏಲ್ ಬಂತು. ಆಗ ಫಿಲ್ಟರ್ ಎಲ್ಲಿತ್ತು? ಇದ್ದ ನೀರಿಗೆ ಹೊಂದುವ ಪಾನೀಯ ಮಾಡಿದರು. ಈಗ ನಾವು ಮೊದಲು ಆರ್‌ಒ ಮಾಡಿ, ಆಮೇಲೆ ಬೇಕಾದ ಲವಣ ತೂಗಿ ಹಾಕುತ್ತೇವೆ. ಬಿಯರಿಗೆ ಲೀಟರಿಗೆ 50 ಮಿಲಿಗ್ರಾಂ ಆದರೂ ಕ್ಯಾಲ್ಸಿಯಂ ಇರಲಿ ಅಂತ ನೋಡುತ್ತೇವೆ. ಕೊಂಬುಚಾಗೆ ಅಷ್ಟು ಬೇಡ ಅಕ್ಕಾ. ಕ್ಷಾರತೆ ಕಡಿಮೆ ಇದ್ದು, ಕ್ಲೋರಿನ್ ಇಲ್ಲದಿದ್ದರೆ ಸಾಕು.

ಕ್ಲೋರಿನ್ ಬಗ್ಗೆ ಒತ್ತಿ ಹೇಳುತ್ತೇನೆ. ನಳದ ನೀರು ಮನೆ ತಲುಪುವಾಗ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮ. ರೋಗ ಬರದಿರಲಿ ಅಂತ ಹಾಕುವುದು, ಒಳ್ಳೆಯದಕ್ಕೇ. ಆದರೆ ಅದಕ್ಕೆ ನಿಮ್ಮ ಕೆನೆಯ ಒಳ್ಳೆ ಬ್ಯಾಕ್ಟೀರಿಯಾ, ಯೀಸ್ಟ್ ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಾಗಲ್ಲ. ಅದರ ಮೇಲೆ ಚಹಾದಲ್ಲಿ, ಮಾಲ್ಟ್‌ನಲ್ಲಿ ಇರುವ ಫೀನಾಲ್ ಜೊತೆ ಕ್ಲೋರಿನ್ ಸೇರಿದರೆ ಆಸ್ಪತ್ರೆ ವಾಸನೆ ಬರುತ್ತದೆ. ಆ ವಾಸನೆಗೆ ಒಂದು ಚೂರು ಸಾಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದ್ದಿಲ ಕಾರ್ಟ್ರಿಜ್ ಬದಲಿಸುವುದು ಮರೆತು ಒಂದು ಟ್ಯಾಂಕ್ ಪೂರ್ತಿ ಹಾಳಾಗಿತ್ತು. ಆ ವಾಸನೆ ಮೂಗಿನಿಂದ ಇನ್ನೂ ಹೋಗಿಲ್ಲ.

ಫಿಲ್ಟರ್ ಕೊಳ್ಳುವಾಗ ಪುಡಿ ಇದ್ದಿಲು ತುಂಬಿದ್ದಕ್ಕಿಂತ ಕಾರ್ಬನ್ ಬ್ಲಾಕ್ ನೋಡಿ. ಗಟ್ಟಿ ಒತ್ತಿದ ಇದ್ದಿಲು, ನೀರು ಒಂದೇ ಕಡೆ ದಾರಿ ಮಾಡಿಕೊಂಡು ನುಸುಳಿಹೋಗುವುದಿಲ್ಲ. ಅದಕ್ಕಿಂತ ಮೊದಲು ಮಣ್ಣು ಹಿಡಿಯುವ 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್ ಇರಲಿ, ಇಲ್ಲದಿದ್ದರೆ ಮಣ್ಣು ಕೂತು ಬೇಗ ಕಟ್ಟಿಕೊಳ್ಳುತ್ತದೆ. ಮತ್ತೆ ನೀರನ್ನು ನಿಧಾನ ಬಿಡಿ. ಲೀಟರ್ ಬಾಟಲಿ ತುಂಬಲು ಒಂದು ನಿಮಿಷ ಆಗಬೇಕು. ಹತ್ತು ಸೆಕೆಂಡಿಗೆ ತುಂಬಿದರೆ ಕ್ಲೋರಿನ್ ಹಿಡಿಯಲು ಇದ್ದಿಲಿಗೆ ಹೊತ್ತೇ ಸಿಗುವುದಿಲ್ಲ.

ಯುವಿ ಬೇಕಾ ಅಂತ ಯಾರಾದರೂ ಕೇಳಬಹುದು. ಕುಡಿಯಲು ಬೇಕು. ಹುದುಗಿಸಲು ಹೇಗೂ ನೀರನ್ನು ಕುದಿಸುತ್ತೀರಿ, ಆ ಕೆಲಸಕ್ಕೆ ಯುವಿ ಇಲ್ಲದಿದ್ದರೂ ನಡೆಯುತ್ತದೆ. ಚಹಾ ಅರ್ಧ ನೀರಿನಲ್ಲಿ ಕುದಿಸಿ ಉಳಿದರ್ಧ ತಣ್ಣೀರು ಸೇರಿಸುವ ಪದ್ಧತಿ ಇದ್ದರೆ ಆ ತಣ್ಣೀರನ್ನೂ ಕುದಿಸಿ ಆರಿಸಿದ್ದೇ ಹಾಕಿ. ಇದ್ದಿಲು ದಾಟಿದ ನೀರಿನಲ್ಲಿ ಕ್ಲೋರಿನ್ ಇರಲ್ಲ, ಅದನ್ನು ಎರಡು ಮೂರು ದಿನ ಇಟ್ಟರೆ ರೋಗಾಣು ಬೆಳೆಯುತ್ತವೆ.

ಗಂಜ್_ಭಾಬಿ

ಇಷ್ಟೆಲ್ಲ ಬೇಕಾ? ನಳದ ನೀರನ್ನು ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಟ್ಟರೆ ಬೆಳಿಗ್ಗೆ ಕ್ಲೋರಿನ್ ವಾಸನೆ ಇರಲ್ಲ. ಮೇಲೊಂದು ಬಿಳಿ ಬಟ್ಟೆ ಕಟ್ಟಿದರೆ ಆಯ್ತು. ನಮ್ಮತ್ತೆ ಜೋಳದ ಅಂಬಲಿಗೆ ಹಾಗೇ ಇಟ್ಟ ನೀರನ್ನೇ ಬಳಸುತ್ತಾರೆ. ಬೋರ್ ನೀರಲ್ಲಿ ಕಲೆಸಿದರೆ ಅಂಬಲಿ ಹುಳಿ ಏರಲು ಇನ್ನೊಂದು ದಿನ ಬೇಕು ಅಂತ ಅವರು ಮೊದಲಿಂದಲೂ ಹೇಳುತ್ತಿದ್ದರು. ಕಾರಣ ಇವತ್ತು ಗೊತ್ತಾಯ್ತು.

ನೀರಿನ_ಕಾಕಾ

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಮ್ಮ. ಅವರು ಪ್ರಯೋಗಾಲಯ ಇಲ್ಲದೆ ಕ್ಷಾರತೆ ಅಳೆದಿದ್ದಾರೆ. ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕುದಿಸಿದರೆ ಇನ್ನೂ ಬೇಗ. ಕೆಲವು ದೇಶಗಳಲ್ಲಿ ಕ್ಲೋರಮಿನ್ ಹಾಕುತ್ತಾರೆ, ಅದು ರಾತ್ರಿ ಇಟ್ಟರೆ ಹೋಗುವುದಿಲ್ಲ. ಹೊರದೇಶದ ವಿಡಿಯೋ ನೋಡಿ ಗೊಂದಲ ಆಗುವವರಿಗಾಗಿ ಈ ಮಾತು.

ಸೇಡಂರೋಡ್_ಅಕ್ಕ

ಪರೀಕ್ಷೆ ಆಯಿತು. ಪ್ರಯೋಗಾಲಯದ ಮೇಡಂ ಒಳಗೆ ಕರೆದು ಗಡಸು ಅಳೆಯುವುದನ್ನು ತೋರಿಸಿದರು. ಗಾಜಿನ ಪಾತ್ರೆಯಲ್ಲಿ ನಮ್ಮ ಬೋರ್ ನೀರು, ಅದಕ್ಕೆ ಏನೋ ಪುಡಿ ಚಿಟಿಕೆ ಹಾಕಿದ ಕೂಡಲೇ ದ್ರಾಕ್ಷಿ ರಸದ ಕೆಂಪು. ಮೇಲಿನ ಉದ್ದ ಕೊಳವೆಯಿಂದ ಹನಿ ಹನಿ ಬಿಡುತ್ತಾ ಪಾತ್ರೆ ಅಲ್ಲಾಡಿಸುತ್ತಾ ಹೋದರು. ಕೆಂಪು ಇದ್ದ ಹಾಗೇ ಇದೆ. ಇನ್ನೂ ಹನಿ, ಇನ್ನೂ ಹನಿ. ಒಂದು ಹನಿಗೆ ನೇರಳೆ ತಿರುಗಿತು, ಮುಂದಿನ ಎರಡು ಹನಿಗೆ ಅಚ್ಚ ನೀಲಿ. ನಳದ ನೀರಿಗೆ ಅದರ ಕಾಲು ಭಾಗದಲ್ಲೇ ನೀಲಿ ಬಂತು.

ಬೋರ್: ಟಿಡಿಎಸ್ 960, ಗಡಸು 620, ಕ್ಷಾರತೆ 410, ಕ್ಲೋರೈಡ್ 180, ನೈಟ್ರೇಟ್ 58, ಫ್ಲೋರೈಡ್ 0.8.

ನಳ: ಟಿಡಿಎಸ್ 310, ಗಡಸು 160, ಕ್ಷಾರತೆ 130, ನೈಟ್ರೇಟ್ 9, ಫ್ಲೋರೈಡ್ 0.4, ಉಳಿದ ಕ್ಲೋರಿನ್ 0.4.

ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಈಗ ಹೇಳಿ ಕಾಕಾ.

ನೀರಿನ_ಕಾಕಾ

ತಂಗಿ, ಮೊದಲು ಕೊಂಬುಚಾ ಪಕ್ಕಕ್ಕಿಡು. ಬೋರಿನ ನೈಟ್ರೇಟ್ 58. ಮಿತಿ 45. ಅದಕ್ಕಿಂತ ಮೇಲೆ ಹೋಗಬಾರದು, ಬೇರೆ ನೀರಿಲ್ಲ ಅಂತ ಸಡಿಲಿಕೆಯೂ ಇಲ್ಲ. ಊರೊಳಗಿನ ಬೋರಿನಲ್ಲಿ ನೈಟ್ರೇಟ್ ಜಾಸ್ತಿ ಅಂದರೆ ಸಾಮಾನ್ಯವಾಗಿ ಹತ್ತಿರ ಎಲ್ಲೋ ಶೌಚದ ಗುಂಡಿ, ಚರಂಡಿ ನೀರು ಇಂಗುತ್ತಿದೆ ಅಂತ ಅರ್ಥ. ಮನೆಯಲ್ಲಿ ಆರು ತಿಂಗಳೊಳಗಿನ ಕೂಸು ಇದ್ದರೆ ಈ ನೀರಿನಲ್ಲಿ ಪುಡಿ ಹಾಲು ಕಲೆಸಲೇಬಾರದು. ಕುದಿಸಿದರೂ ಬೇಡ. ಕೋಲಿಫಾರ್ಮ್ ಪರೀಕ್ಷೆಯನ್ನೂ ಮಾಡಿಸು, ಹೊಲಸು ನೀರಿನ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ಗೊತ್ತಾಗುತ್ತದೆ. ಮಾಲೀಕರಿಗೂ ಕಾಗದ ತೋರಿಸು, ಅವರ ಮನೆಯವರೂ ಇದನ್ನೇ ಕುಡಿಯುತ್ತಿದ್ದಾರೆ.

ಗಡಸಿಗೆ 200 ಒಳ್ಳೆಯದು, 600 ಕೊನೆ. ಅದನ್ನೂ ದಾಟಿದೆ. ಇದರಲ್ಲಿ 410ರಷ್ಟು ತಾತ್ಕಾಲಿಕ ಗಡಸು, ಹದಿನೈದು ನಿಮಿಷ ಕುದಿಸಿ ಆರಿಸಿದರೆ ಅದರ ದೊಡ್ಡ ಪಾಲು ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ, ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಅದೇ. ಉಳಿದ 210 ಕುದಿಸಿದರೂ ಹೋಗಲ್ಲ. ನೈಟ್ರೇಟ್ ಇಲ್ಲದಿದ್ದರೆ ಕುದಿಸಿ ತಿಳಿ ತೆಗೆ ಅನ್ನುತ್ತಿದ್ದೆ. ಇದೆ, ಅದಕ್ಕೆ ಅನ್ನುವುದಿಲ್ಲ.

ಈಗ ನಳದ ನೀರು ನೋಡು. 310. ಇದಕ್ಕೆ ಆರ್‌ಒ ಯಾಕೆ ಬೇಕು? ಕ್ಲೋರಿನ್ ತೆಗೆದರೆ ನಿನ್ನ ಹಳೆ ಮನೆಯ ನೀರು ಇದೇ. ಎರಡು ವರ್ಷ ಕೆಡದೇ ಬಂದದ್ದು ಇದರಲ್ಲೇ.

ಎಂಎಸ್‌ಕೆಮಿಲ್_ರಾಜಾ

ಸಾಫ್ಟನರ್ ಹಾಕಿಸಿದರೆ ಹೇಗೆ ಕಾಕಾ? ಗಡಸು ಪೂರ್ತಿ ಹೋಗುತ್ತದೆ ಅಂತಾರಲ್ಲ.

ನೀರಿನ_ಕಾಕಾ

ಸ್ನಾನಕ್ಕೆ, ಬಟ್ಟೆಗೆ, ಗೀಸರಿಗೆ ಬಹಳ ಒಳ್ಳೆಯದು ರಾಜಾ. ಸೋಪಿನ ನೊರೆ ಬರುತ್ತದೆ, ಕೂದಲು ಹುಲ್ಲಿನ ಹಾಗೆ ಆಗುವುದಿಲ್ಲ. ಆದರೆ ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ ಅಷ್ಟೇ. ಬೈಕಾರ್ಬನೇಟ್ ಹಾಗೇ ಉಳಿಯುತ್ತದೆ, ನೈಟ್ರೇಟೂ ಹಾಗೇ. ಆ ನೀರಿನಲ್ಲಿ ಕೊಂಬುಚಾ ಹಾಕಿದರೆ ಹುಳಿಯ ತೊಂದರೆ ಒಂದಿಷ್ಟೂ ಕಡಿಮೆ ಆಗದು, ಮೇಲೆ ಸಪ್ಪೆ ಉಪ್ಪಿನ ರುಚಿ.

ಬೀದರ್_ಪಾನಾ

ನನ್ನ ಮಾತು ಕೇಳಿ ಅಕ್ಕಾವ್ರೇ. ಮೊದಲ ಕೆಲಸ ಪೈಪಿನದು. ನಳದ ಅರ್ಧ ಇಂಚಿನ ಪೈಪಿಗೆ ಸಂಪಿಗೆ ಬೀಳುವ ಮೊದಲೇ ಒಂದು ಟಿ ಹಾಕಿ, ಒಂದು ವಾಲ್ವ್ ಹಾಕಿ, ಅಲ್ಲಿಂದ 200 ಲೀಟರಿನ ಮುಚ್ಚಳವಿರುವ ಡ್ರಮ್ಮಿಗೆ ತನ್ನಿ. ಪ್ಲಂಬರಿಗೆ ಅರ್ಧ ದಿನದ ಕೆಲಸ. ನಳ ಬಂದ ದಿನ ಡ್ರಮ್ ತುಂಬಿದರೆ ಅಡುಗೆಗೆ, ಕುಡಿಯಲು, ಕೊಂಬುಚಾಗೆ ನಾಲ್ಕು ದಿನ ಸಾಕು. ಸಂಪಿನ ಬೆರಕೆ ನೀರು ಸ್ನಾನಕ್ಕೆ, ತೊಳೆಯಲು ಇರಲಿ.

ಡ್ರಮ್ಮಿನಿಂದ ಅಡುಗೆ ಮನೆಗೆ: 5 ಮೈಕ್ರಾನ್, ಆಮೇಲೆ 10 ಇಂಚಿನ ಕಾರ್ಬನ್ ಬ್ಲಾಕ್, ಅಲ್ಲಿಂದ ಒಂದು ನಲ್ಲಿ ನಿಮ್ಮ ಕೊಂಬುಚಾಗೆ, ಮುಂದೆ ಯುವಿ ದಾಟಿ ಕುಡಿಯುವ ನಲ್ಲಿ. ಕಾರ್ಬನ್ ಮೇಲೆ ಎನ್‌ಎಸ್‌ಎಫ್ 42 ಅಂತ ಇದ್ದರೆ ಕ್ಲೋರಿನ್ ತೆಗೆಯುವ ಪರೀಕ್ಷೆ ಪಾಸಾಗಿದೆ ಅಂತ ಲೆಕ್ಕ. ಆರು ತಿಂಗಳಿಗೆ ಬದಲಿಸಿ, ನೀರು ಕೆಂಪಾಗಿ ಬರುವ ಮಳೆಗಾಲದಲ್ಲಿ ಸೆಡಿಮೆಂಟ್ ಇನ್ನೂ ಬೇಗ.

ಬೇಸಿಗೆಯಲ್ಲಿ ಏನು ಅಂತ ಕೇಳುತ್ತೀರಿ, ಗೊತ್ತು. ಏಪ್ರಿಲ್, ಮೇನಲ್ಲಿ ಭೀಮಾ ಬತ್ತುತ್ತದೆ, ನಳ ಬರುವ ದಿನ ದೂರ ಆಗುತ್ತವೆ. ಆಗ ಬೋರೇ ಗತಿ. ಅದಕ್ಕೊಂದು ಸಣ್ಣ ಸಾದಾ ಆರ್‌ಒ ಇಟ್ಟುಕೊಳ್ಳಿ. ಅಲ್ಕಲೈನ್ ಬೇಡ, ಮಿನರಲ್ ಬೇಡ. ಒಳಗೆ ಟಿಡಿಎಸ್ ಕಂಟ್ರೋಲರ್ ಅಂತ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಪೂರ್ತಿ ಮುಚ್ಚಿಸಿ. ಅದು ತೆರೆದಿದ್ದರೆ ಮೆಂಬ್ರೇನ್, ಅಂದರೆ ಆರ್‌ಒ ಒಳಗಿನ ಸೋಸುವ ಪೊರೆ, ದಾಟದ ಬೋರ್ ನೀರು ಒಳಗಿಂದಲೇ ಬೆರೆಯುತ್ತದೆ, ನಿಮ್ಮ ನೈಟ್ರೇಟೂ ಅದರ ಜೊತೆ. ಕೂರಿಸಿದ ದಿನ ಒಳಗಿನ, ಹೊರಗಿನ ಟಿಡಿಎಸ್ ಎರಡೂ ನಿಮ್ಮ ಮೀಟರಿನಲ್ಲೇ ಅಳೆದು ಗೋಡೆ ಮೇಲೆ ಬರೆದಿಡಿ. 960 ಒಳಗೆ ಹೋಗಿ 50, 60 ಹೊರಗೆ ಬಂದರೆ ಸರಿ. 150 ದಾಟಿದ ದಿನ ಮೆಂಬ್ರೇನ್ ನೋಡಿಸಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಟ್ಯಾಂಕಿನ ನೀರು ಕೈ ಸುಡುವ ಹಾಗೆ ಇರುತ್ತದೆ, ಆಗ ಮೆಷಿನ್ ಹಾಕಬೇಡಿ. ಬಿಸಿ ನೀರಿಗೆ ಮೆಂಬ್ರೇನಿನಿಂದ ಲವಣ ಜಾಸ್ತಿ ನುಸುಳುತ್ತದೆ, 45 ಡಿಗ್ರಿ ದಾಟಿದರೆ ಮೆಂಬ್ರೇನೇ ಕೆಡುತ್ತದೆ. ಬೆಳಿಗ್ಗೆ ಆರಕ್ಕೆ ಹಾಕಿ.

ಹೊರಬೀಳುವ ನೀರನ್ನು ಬಕೆಟ್ಟಿಗೆ ಹಿಡಿಯಿರಿ. ನಿಮ್ಮ ಬೋರಿಗೆ ಅದರ ಟಿಡಿಎಸ್ 1,200ರ ಹತ್ತಿರ ಇರುತ್ತದೆ. ಅಂಗಳ ತೊಳೆಯಲು, ಶೌಚಕ್ಕೆ ಆಗುತ್ತದೆ. ತುಳಸಿಗೆ ದಿನಾ ಹಾಕಬೇಡಿ, ಕುಂಡದ ಮಣ್ಣು ಬೆಳ್ಳಗಾಗುತ್ತದೆ.

ಆಳಂದದ_ಹುಡುಗ

ಆರ್‌ಒ ನೀರಿನಲ್ಲೇ ಕೊಂಬುಚಾ ಹಾಕಿದರೂ ಆಗುತ್ತದೆ ಅಕ್ಕಾ. ಚಹಾದಿಂದಲೂ ಒಂದಿಷ್ಟು ಲವಣ ಬರುತ್ತದೆ. ಆದರೆ ರುಚಿ ಸ್ವಲ್ಪ ತೆಳ್ಳಗೆ ಅನ್ನಿಸಬಹುದು. ನಳದ ನೀರು ಒಂದು ಬಿಂದಿಗೆ ಉಳಿದಿದ್ದರೆ ಅರ್ಧಕ್ಕರ್ಧ ಬೆರೆಸಿ, ಟಿಡಿಎಸ್ 180 ಸುಮಾರು ಆಗುತ್ತದೆ. ಕಾಫಿ ಮಾಡುವವರೂ 150ರ ಆಸುಪಾಸು ಇಷ್ಟಪಡುತ್ತಾರೆ. ಬೋರ್ ನೀರನ್ನು ಮಾತ್ರ ಬೆರೆಸಬೇಡಿ, ಲೆಕ್ಕಕ್ಕೆ ಏಳು ಲೀಟರಿಗೆ ಒಂದು ಲೀಟರ್ ಸರಿ ಹೊಂದಿದರೂ ನಿಮ್ಮ ಬೋರಿನ ನೀರು ಕುಡಿಯುವ ಮಟ್ಟದ್ದಲ್ಲ.

ಇನ್ನೊಂದು ಮಾತು. ಬೇಸಿಗೆಯಲ್ಲಿ ನಿಮ್ಮೂರು 42, 43 ಡಿಗ್ರಿ. ಕೊಂಬುಚಾಗೆ 24ರಿಂದ 29 ಹಿತ. ಭರಣಿಯನ್ನು ಫರ್ಶಿ ನೆಲದ ಮೇಲೆ, ಒದ್ದೆ ಗೋಣಿ ಸುತ್ತಿ ಇಡಿ. ಆಗ ಏಳು ದಿನ ಕಾಯಬೇಡಿ, ನಾಲ್ಕನೇ ದಿನದಿಂದ ರುಚಿ ನೋಡಿ.

ಸೇಡಂರೋಡ್_ಅಕ್ಕ

ಎಲ್ಲರಿಗೂ. ಮೂರು ವಾರ ಆಯಿತು, ಹೇಳಲೇಬೇಕು ಅಂತ ಬಂದೆ.

ಮಾಲೀಕರಿಗೆ ನೈಟ್ರೇಟ್ ಕಾಗದ ತೋರಿಸಿದೆ. ಅವರ ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ. ಓದಿ ಸುಮ್ಮನೆ ಕೂತರು. ಮರುದಿನ ಅವರೇ ಪ್ಲಂಬರ್ ಕರೆಸಿ ನಳದ ಪೈಪಿಗೆ ಟಿ ಹಾಕಿಸಿದರು, ಎರಡು ಡ್ರಮ್, ಅವರಿಗೊಂದು ನಮಗೊಂದು. ಖರ್ಚನ್ನೂ ಅವರೇ ಕೊಟ್ಟರು. ಕೋಲಿಫಾರ್ಮ್ ಪರೀಕ್ಷೆಗೂ ಬಾಟಲಿ ಕೊಟ್ಟಿದ್ದಾರೆ, ಇನ್ನೂ ಬಂದಿಲ್ಲ.

ನಾನು ಸೆಡಿಮೆಂಟ್, ಕಾರ್ಬನ್ ಬ್ಲಾಕ್, ಯುವಿ ಹಾಕಿಸಿದೆ. ಆ ದೊಡ್ಡ ಮೆಷಿನಿನ ಅರ್ಧ ದುಡ್ಡೂ ಆಗಲಿಲ್ಲ. ನಲ್ಲಿ ಎಷ್ಟು ತಿರುಗಿಸಿದರೆ ಲೀಟರಿಗೆ ಒಂದು ನಿಮಿಷ ಆಗುತ್ತದೆ ಅಂತ ನೋಡಿ ಅಲ್ಲಿ ಉಗುರು ಬಣ್ಣದಲ್ಲಿ ಗುರುತು ಹಾಕಿದ್ದೇನೆ. ಆರ್‌ಒ ಯುಗಾದಿ ಹೊತ್ತಿಗೆ.

ಹಳೆ ಕೆನೆ ಸೊರಗಿತ್ತು. ಗೆಳತಿಯ ಮನೆಯಿಂದ ಹುಳಿ ನೀರು ತಂದು ಈ ಸಲ 300ರ ಬದಲು 500 ಮಿಲಿ ಹಾಕಿದೆ. ಮೊದಲ ದಿನ 4.2. ಮೂರನೇ ದಿನ 3.7. ನಿನ್ನೆ ಐದನೇ ದಿನ ಪಟ್ಟಿ ಅದ್ದಿದರೆ 3.3. ಬಟ್ಟೆ ಬಿಚ್ಚಿದ ಕೂಡಲೇ ಹುಳಿ ಮಾವಿನ ವಾಸನೆ ಬಂತು, ಕೆನೆಯ ಕೆಳಗೆ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಬೇಳೆಯೂ ನಾಲ್ಕು ಸೀಟಿಗೆ ಬಂದಿದೆ.

ಪಾನಾ ಅಣ್ಣಾ, ಒಂದು ಅನುಮಾನ. ಡ್ರಮ್ಮಿನ ತಳದಲ್ಲಿ ಎರಡು ವಾರಕ್ಕೇ ಬೆರಳಿಗೆ ಹತ್ತುವಷ್ಟು ಸಣ್ಣ ಮಣ್ಣು ಕೂತಿದೆ. ತಿಂಗಳಿಗೊಮ್ಮೆ ತೊಳೆದರೆ ಸಾಕಾ?

ಬೀದರ್_ಪಾನಾ

ಹದಿನೈದು ದಿನಕ್ಕೊಮ್ಮೆ ತೊಳೆಯಿರಿ ಅಕ್ಕಾವ್ರೇ. ನಲ್ಲಿಯನ್ನು ಡ್ರಮ್ಮಿನ ತಳಕ್ಕೆ ಕೂರಿಸಿದ್ದರೆ ನಾಲ್ಕು ಬೆರಳು ಮೇಲಕ್ಕೆ ತೆಗೆಸಿ. ಮಣ್ಣು ಕೆಳಗೇ ಉಳಿಯುತ್ತದೆ, ಸೆಡಿಮೆಂಟ್ ಜಾಸ್ತಿ ದಿನ ಬಾಳುತ್ತದೆ.

ಗಂಜ್_ಭಾಬಿ

ಅಕ್ಕಾ, ಕೆನೆ ಇನ್ನೊಂದು ಪದರ ಬಿಟ್ಟಾಗ ನನಗೊಂದು ತುಂಡು ತೆಗೆದಿಡಿ. ಭರಣಿ ತೊಳೆದು ಇಟ್ಟಿದ್ದೇನೆ, ನಮ್ಮ ನಳಕ್ಕೆ ನಾಳೆ ಮೀಟರ್ ಇಟ್ಟು ನೋಡುತ್ತೇನೆ.